ಜಮಾ ಪುಟ

ಅಪ್ಪ ತೀರಿಕೊಂಡ ಮೇಲೆ ಅವರ ಟ್ರಂಕಿನಲ್ಲಿ ಸಿಕ್ಕಿದ್ದು ಎರಡು ಧೋತರ, ಗಿರಣಿಯ ಹಾಜರಿ ಕಾರ್ಡು ಮತ್ತು ಕೆಂಪು ಬಟ್ಟೆಯ ರಟ್ಟು ಹಾಕಿದ ಉದ್ದನೆಯ ಒಂದು ಕಿರ್ದಿ ಪುಸ್ತಕ. ಅವರು ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ನೂಲು ತೆಗೆಯುವ ವಿಭಾಗದಲ್ಲಿದ್ದರು. ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲದ ಕೊನೆಯ ವರ್ಷಗಳವು. ಕಿರ್ದಿ ಪುಸ್ತಕ ಅವರ ಕೈಗೆ ಬಂದದ್ದು ದಲ್ಲಾಳಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದ ನಮ್ಮ ದೊಡ್ಡಪ್ಪನಿಂದ. ಅದರಲ್ಲಿ ಮನೆಯ ಲೆಕ್ಕವಿರಲಿಲ್ಲ, ಗಿರಣಿಯ ಸಂಬಳದ ಲೆಕ್ಕವೂ ಇರಲಿಲ್ಲ. ಇದ್ದದ್ದೆಲ್ಲ ಯಾತ್ರೆಯ ಲೆಕ್ಕ: ಹರಿಹರ, ಉಚ್ಚಂಗಿದುರ್ಗ, ನಾಯಕನಹಟ್ಟಿ, ಕೊಟ್ಟೂರು, ಮೈಲಾರ, ವರ್ಷಕ್ಕೊಮ್ಮೆ ಧರ್ಮಸ್ಥಳ.

ಅಂಗಡಿಯವರ ಕಿರ್ದಿಯಲ್ಲಿ ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಅಪ್ಪನೂ ಹಾಗೆಯೇ ಬರೆದಿದ್ದರು. ಖರ್ಚಿನ ಪುಟದಲ್ಲಿ ಬಸ್ಸು, ಕಾಯಿ ಕರ್ಪೂರ, ಚಹಾ, ಮಂಡಕ್ಕಿ ಎಂದು ಪೈಸೆ ಪೈಸೆಗೂ ಲೆಕ್ಕವಿತ್ತು. ಜಮಾ ಪುಟದಲ್ಲಿ ಮಾತ್ರ ರೂಪಾಯಿಯ ಅಂಕಿಯೇ ಇರಲಿಲ್ಲ. ‘ಹಟ್ಟಿ, ದಾಸೋಹ, ಊಟ 2.’ ‘ಉಚ್ಚಂಗಿದುರ್ಗ, ಮಜ್ಜಿಗೆ, ಮೆಟ್ಟಿಲ ಹತ್ತಿರದ ಮುದುಕಿ.’ ‘ಹರಿಹರ, ಮಳೆ, ಯಾರದೋ ಜಗಲಿ, ಒಂದು ರಾತ್ರಿ.’ ಕೆಲವು ಸಾಲುಗಳ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ‘ತೀರಿತು’ ಎಂದು ಬರೆದಿದ್ದರು. ಊಟಕ್ಕೆ ಎದುರಾಗಿ ‘ನೀರು ಹೊತ್ತದ್ದು, ತೀರಿತು.’ ಅಡ್ಡಗೆರೆ ಬೀಳದ ಸಾಲುಗಳೇ ಹೆಚ್ಚಿದ್ದವು.

ಕಡಿಮೆ ಖರ್ಚಿನಲ್ಲಿ ಕ್ಷೇತ್ರಗಳನ್ನು ಸುತ್ತುವುದು ಹೇಗೆಂದು ನನ್ನನ್ನು ಹಲವರು ಕೇಳುತ್ತಾರೆ, ಏಕೆಂದರೆ ಅವ್ವನೂ ನಾನೂ ಈಗ ಕೆಲವು ವರ್ಷದಿಂದ ಹೀಗೆ ಓಡಾಡುತ್ತಿದ್ದೇವೆ. ಎಷ್ಟು ಗಂಟೆಗೆ ಬಸ್ಸು, ಎಲ್ಲಿ ರೂಮು ಸಿಗುತ್ತದೆ, ಊಟ ಎಷ್ಟು ಹೊತ್ತಿಗೆ ಎಂಬ ಪ್ರಶ್ನೆಗಳಿಗೆಲ್ಲ ನನ್ನಲ್ಲಿ ಉತ್ತರವಿದೆ, ಅವನ್ನು ಇಲ್ಲಿಯೂ ಹೇಳುತ್ತೇನೆ. ಆದರೆ ನಮ್ಮ ಯಾತ್ರೆ ಅಗ್ಗವಾದದ್ದು ನಾವು ಜಾಣತನದಿಂದ ಉಳಿಸಿದ್ದರಿಂದಲ್ಲ. ನಮ್ಮ ಪಾಲಿನದನ್ನು ದಾರಿಯುದ್ದಕ್ಕೂ ಬೇರೆ ಯಾರೋ ಕೊಟ್ಟದ್ದರಿಂದ. ಅಪ್ಪನ ಎಡಪುಟವನ್ನು ಓದುವವರೆಗೆ ಇದು ನನಗೆ ಹೊಳೆದಿರಲಿಲ್ಲ.

ಹರಿಹರದಿಂದಲೇ ಶುರು ಮಾಡುತ್ತೇನೆ, ಏಕೆಂದರೆ ದಾವಣಗೆರೆಯವರಿಗೆ ಅದು ಹದಿನಾಲ್ಕು ಕಿಲೋಮೀಟರು. ಬೆಳಿಗ್ಗೆ ಹೋಗಿ ಮಧ್ಯಾಹ್ನದ ಅಡುಗೆಗೆ ಮನೆಗೆ ಬರಬಹುದು. ಬಸ್ಸೂ ಇದೆ, ರೈಲೂ ಇದೆ. ತುಂಗಭದ್ರೆಯ ದಂಡೆಯ ಹರಿಹರೇಶ್ವರ ದೇವಸ್ಥಾನವನ್ನು ಕಟ್ಟಿಸಿದವನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ. ಕಾಲ 1224ರ ಸುಮಾರು. ಹರಿಯಿಂದಲೂ ಹರನಿಂದಲೂ ಸಾವಿಲ್ಲವೆಂಬ ವರ ಪಡೆದಿದ್ದ ಗುಹಾಸುರನನ್ನು ಕೊಲ್ಲಲು ಇಬ್ಬರೂ ಒಂದೇ ಮೈಯಾಗಿ ಬಂದರೆಂಬುದು ಇಲ್ಲಿಯ ಐತಿಹ್ಯ. ದೇವರ ಬಲಭಾಗ ಶಿವ, ಎಡಭಾಗ ವಿಷ್ಣು. ನಾನು ಚಿಕ್ಕವಳಿದ್ದಾಗ ಅವ್ವ ಗರ್ಭಗುಡಿಯ ಮುಂದೆ ನನ್ನನ್ನು ಎತ್ತಿ ಹಿಡಿದು, ಒಂದು ಕಡೆ ಜಟೆ, ಒಂದು ಕಡೆ ಕಿರೀಟ ಕಾಣುತ್ತದೆಯೇ ಎಂದು ಕೇಳುತ್ತಿದ್ದಳು. ಕಾಣಿಸದಿದ್ದರೂ ಹೂಂ ಎನ್ನುತ್ತಿದ್ದೆ.

ಈ ಗುಡಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ಜಾಗ ಮುಂದಿನ ತೆರೆದ ಮಂಟಪ. ಅದರ ಅಂಚಿನುದ್ದಕ್ಕೂ ಒರಗು ಗೋಡೆಗೆ ಸೇರಿದಂತೆ ಕಲ್ಲಿನ ಜಗಲಿಯಿದೆ. ಚರಕಿ ಹಿಡಿದು ತಿರುಗಿಸಿದಂತೆ ನುಣುಪಾಗಿರುವ ಕಂಬಗಳನ್ನು ನೋಡಲು ಬಂದವರು ಈ ಜಗಲಿಯನ್ನು ಗಮನಿಸುವುದಿಲ್ಲ. ಬೇಸಿಗೆಯ ಹನ್ನೊಂದು ಗಂಟೆಗೆ, ಹೊರಗೆ ಅಂಗಳದ ಚಪ್ಪಡಿ ಕಾಲಿಡಲಾಗದಷ್ಟು ಕಾದಿರುವಾಗ, ಅದರ ಮೇಲೆ ಅಂಗೈ ಇಟ್ಟರೆ ಮಡಕೆಯ ಹೊರಮೈ ಮುಟ್ಟಿದ ಹಾಗೆ ತಣ್ಣಗಿರುತ್ತದೆ. ಎಷ್ಟೋ ಕಡೆ ಕೂತು ಕೂತು ಕಲ್ಲಿನ ಅಂಚು ಸವೆದು ದುಂಡಗಾಗಿದೆ. ಒಮ್ಮೆ ನಾವು ಕೂತಿದ್ದ ಪಕ್ಕದಲ್ಲೇ, ಹಾವೇರಿ ಕಡೆಯಿಂದ ಬಂದಿದ್ದ ಒಂದು ಮನೆಯವರು ಮಗುವನ್ನು ಸೀರೆಯ ಮಡಿಕೆಯ ಮೇಲೆ ಮಲಗಿಸಿ, ಸದ್ದಾಗದಂತೆ ಬುತ್ತಿಯ ಗಂಟು ಸರಿಸಿಡುತ್ತಿದ್ದರು. ಎಂಟುನೂರು ವರ್ಷದ ಹಿಂದೆ ಯಾರೋ ಒಬ್ಬ ಶಿಲ್ಪಿಗೆ, ದೇವರನ್ನು ನೋಡಲು ಬಂದವರಿಗೆ ಕಾಲು ನೋಯುತ್ತದೆ, ಅವರು ಕೂಡಬೇಕು, ಬೆನ್ನು ಒರಗಿಸಬೇಕು ಎಂಬುದು ತಿಳಿದಿತ್ತು. ಅದಕ್ಕೆ ಟಿಕೆಟಿಲ್ಲ. ಅವನಿಗೆ ಆ ಕೂಲಿಯನ್ನು ಯಾರೋ ಕೊಟ್ಟಿದ್ದರು, ಅದರ ಮೇಲೆ ಇಂದಿಗೂ ನಾವು ಕೂಡುತ್ತಿದ್ದೇವೆ. ಜಮಾ ಪುಟದಲ್ಲಿ ನಾನು ಬರೆದ ಮೊದಲ ಸಾಲು ಇದೇ: ‘ಹರಿಹರ, ಕಲ್ಲಿನ ಜಗಲಿ, ಒಂದು ತಾಸು.’

ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿಗೂ ಹೀಗೆ ಒಂದೇ ದಿನದಲ್ಲಿ ಹೋಗಿ ಬರಬಹುದು. ಹದಿನಾರನೆಯ ಶತಮಾನದಲ್ಲಿ ಕೆಂಗ ಹನುಮಂತಪ್ಪ ನಾಯಕ ಕಟ್ಟಿಸಿದ ಪುಷ್ಕರಣಿ, ನೀರಿನ ನಡುವೆ ವಸಂತ ಮಂಟಪ, ದಂಡೆಯ ಮೇಲೆ ದಾರಿಹೋಕರು ತಂಗುತ್ತಿದ್ದ ಮುಸಾಫಿರ್‌ಖಾನೆ. ಜನ ಪುಷ್ಕರಣಿಯ ಫೋಟೊ ತೆಗೆದು ಹೊರಡುತ್ತಾರೆ. ದೇವರಿಗೆ ಹೊರಟವನಿಗೂ ವ್ಯಾಪಾರಕ್ಕೆ ಹೊರಟವನಿಗೂ ರಾತ್ರಿ ಒಂದು ಸೂರು ಬೇಕು ಎಂಬುದು ಆ ಮುಸಾಫಿರ್‌ಖಾನೆಯ ಹೆಸರಿನಲ್ಲೇ ಇದೆ.

ಉಚ್ಚಂಗಿದುರ್ಗ ಈಗ ವಿಜಯನಗರ ಜಿಲ್ಲೆಗೆ ಸೇರಿದೆ. ಹರಪನಹಳ್ಳಿ ತಾಲ್ಲೂಕು 2018ರವರೆಗೂ ದಾವಣಗೆರೆ ಜಿಲ್ಲೆಯಲ್ಲೇ ಇದ್ದದ್ದರಿಂದ ನಮ್ಮ ಮನೆಯಲ್ಲಿ ಅದನ್ನು ಇಂದಿಗೂ ‘ನಮ್ಮ ದುರ್ಗ’ ಎನ್ನುತ್ತಾರೆ. ಒಂದು ಕಾಲಕ್ಕೆ ಉಚ್ಚಂಗಿಯ ಪಾಂಡ್ಯರ ರಾಜಧಾನಿಯಾಗಿದ್ದ ಬೆಟ್ಟ ಅದು; ಮೇಲೆ ಉಚ್ಚಂಗೆಮ್ಮ. ಭರತ ಹುಣ್ಣಿಮೆಗೆ ಅಲ್ಲಿ ಸೇರುವ ಜನಸಾಗರ ನೋಡಬೇಕಾದದ್ದೇ, ಆದರೆ ವಯಸ್ಸಾದವರನ್ನು ಕರೆದುಕೊಂಡು ಹೋಗುವವರಿಗೆ ನಾನು ಹುಣ್ಣಿಮೆಯ ಹಿಂದಿನ ವಾರವನ್ನೋ ಮುಂದಿನ ವಾರವನ್ನೋ ಹೇಳುತ್ತೇನೆ. ಕ್ಷೇತ್ರ ಯಾವುದೇ ಇರಲಿ, ಹುಣ್ಣಿಮೆ, ಅಮಾವಾಸ್ಯೆ ಮತ್ತು ಶಾಲೆಯ ರಜೆ ಬಿಟ್ಟು ಹೋದರೆ ರೂಮಿನ ಬಾಡಿಗೆಯೂ ಸರತಿಯ ಉದ್ದವೂ ಕಡಿಮೆಯಾಗುತ್ತವೆ. ಮೆಟ್ಟಿಲು ಹತ್ತುವ ಜಾಗಗಳಿಗೆ ಊರಿಂದ ಮೊದಲ ಬಸ್ಸನ್ನೇ ಹಿಡಿಯಬೇಕು. ನಮ್ಮ ಭಾಗದ ಬಂಡೆಗಳು ಹತ್ತು ಗಂಟೆಯ ಮೇಲೆ ಹೆಂಚಿನ ಹಾಗೆ ಕಾಯುತ್ತವೆ.

ಅಪ್ಪನ ಪುಸ್ತಕದ ಮಜ್ಜಿಗೆ ಕೊಟ್ಟ ಮುದುಕಿಯನ್ನು ಹುಡುಕಲು ಹೋಗಿದ್ದೆವೆಂದು ಹೇಳಿದರೆ ಸುಳ್ಳಾಗುತ್ತದೆ. ನಲವತ್ತು ವರ್ಷದ ಹಿಂದಿನ ಮುದುಕಿ ಎಲ್ಲಿ ಸಿಗಬೇಕು? ಆದರೆ ಅವ್ವ ಅಲ್ಲಿಗೆ ಹೋದಾಗಲೆಲ್ಲ ಮನೆಯಿಂದ ಒಂದು ಸ್ಟೀಲ್ ಕ್ಯಾನಿನಲ್ಲಿ ಮಜ್ಜಿಗೆ ಒಯ್ಯುತ್ತಾಳೆ. ಉಪ್ಪು, ಶುಂಠಿ, ಕರಿಬೇವು ಜಜ್ಜಿ ಹಾಕಿದ ತೆಳು ಮಜ್ಜಿಗೆ. ಮೆಟ್ಟಿಲು ಹತ್ತುವವರಲ್ಲಿ ಯಾರ ಮುಖ ಬಾಡಿದೆಯೋ ಅವರನ್ನು ನಿಲ್ಲಿಸಿ, ‘ಒಂದು ಗುಟುಕು ಕುಡ್ದು ಹತ್ತವ್ವ, ಅಮ್ಮ ಎಲ್ಲೂ ಹೋಗಲ್ಲ’ ಎನ್ನುತ್ತಾಳೆ. ಕ್ಯಾನು ಖಾಲಿಯಾದ ದಿನ ನಾನು ಅಪ್ಪನ ಸಾಲಿನ ಮೇಲೆ ಗೆರೆ ಎಳೆಯಲೇ ಎಂದು ಕೇಳಿದೆ. ಬೇಡ ಎಂದಳು. ‘ಅವರು ಕುಡಿದಿದ್ದು ಆಗ ಬಾಯಾರಿಕೆ ಆದಾಗ. ನಾನು ಮನೇಲಿ ಫ್ರಿಜ್ಜಿಟ್ಕಂಡು ತಂದಿದ್ದೀನಿ. ಎರಡೂ ಸಮ ಅಲ್ಲ.’

ಚಿತ್ರದುರ್ಗ ಜಿಲ್ಲೆಯ ಉತ್ತರದ ತುದಿಯಲ್ಲಿ, ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಜಟಿಂಗ ರಾಮೇಶ್ವರ ಬೆಟ್ಟವಿದೆ. ಕ್ಷೇತ್ರಗಳ ಪಟ್ಟಿ ಕೊಡುವವರು ಇದನ್ನು ಬಿಟ್ಟುಬಿಡುತ್ತಾರೆ. ನನ್ನನ್ನು ಕೇಳಿದರೆ ನಮ್ಮ ಎರಡು ಜಿಲ್ಲೆಯಲ್ಲಿ ಮೊದಲು ನೋಡಬೇಕಾದದ್ದು ಇದು. ರಾವಣನೊಡನೆ ಹೋರಾಡಿ ರೆಕ್ಕೆ ಕಳೆದುಕೊಂಡ ಜಟಾಯು ಬಿದ್ದದ್ದು ಇಲ್ಲಿ, ರಾಮ ಅವನ ಸಂಸ್ಕಾರ ಮಾಡಿ ಲಿಂಗ ಸ್ಥಾಪಿಸಿದ್ದು ಇಲ್ಲಿ ಎಂದು ನಂಬಿಕೆ. ಬುಡದಿಂದ ನೂರಾರು ಮೆಟ್ಟಿಲು. ಮೇಲೆ ಅಂಗಡಿಯಿಲ್ಲ, ಹೋಟೆಲಿಲ್ಲ. ಗಾಳಿ ಮಾತ್ರ ಸೆರಗು ನಿಲ್ಲಗೊಡುವುದಿಲ್ಲ. ಹೀಗಾಗಿ ನೀರು ಮತ್ತು ಬುತ್ತಿ ಕಟ್ಟಿಕೊಂಡೇ ಹೋಗಬೇಕು. ನಮ್ಮ ಬುತ್ತಿ ಯಾವಾಗಲೂ ಒಂದೇ: ಸುಟ್ಟು ಒಣಗಿಸಿದ ಗಟ್ಟಿ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ಈರುಳ್ಳಿ. ಮೂರು ದಿನ ಕೆಡುವುದಿಲ್ಲ, ಚೀಲದಲ್ಲಿ ಸೋರುವುದಿಲ್ಲ, ಯಾರಾದರೂ ಹಸಿದವರು ಸಿಕ್ಕರೆ ಮುರಿದು ಕೊಡಲು ಬರುತ್ತದೆ.

ಈ ಬೆಟ್ಟದ ಮೇಲೆ ಅಶೋಕನ ಶಾಸನವೂ ಇದೆ. 1892ರಲ್ಲಿ ಶಾಸನತಜ್ಞ ಬಿ. ಎಲ್. ರೈಸ್ ಅವರು ಇಲ್ಲಿಯೂ, ಹತ್ತಿರದ ಬ್ರಹ್ಮಗಿರಿ ಮತ್ತು ಸಿದ್ದಾಪುರದಲ್ಲೂ ಒಂದೇ ಪಠ್ಯದ ಮೂರು ಶಾಸನಗಳನ್ನು ಬೆಳಕಿಗೆ ತಂದರು. ಬ್ರಹ್ಮಗಿರಿಯ ಬಂಡೆಗೆ ಊರವರು ಅಕ್ಷರಗುಂಡು ಎನ್ನುತ್ತಿದ್ದರು. ಜಟಿಂಗ ರಾಮೇಶ್ವರದ ಬಂಡೆಯ ಹೆಸರು ಬಳೆಗಾರ ಗುಂಡು, ಏಕೆಂದರೆ ಜಾತ್ರೆಯ ದಿನ ಬಳೆಗಾರರು ಅದರ ಮೇಲೆ ಬಳೆ ಹರವಿಕೊಂಡು ಕೂಡುತ್ತಿದ್ದರು. ಚಕ್ರವರ್ತಿಯ ಅಕ್ಷರಗಳ ಮೇಲೆ ಹಸಿರು ಬಳೆ ಜೋಡಿಸಿಟ್ಟು, ಬೆಟ್ಟ ಹತ್ತಿ ಬಂದ ಹೆಣ್ಣುಮಕ್ಕಳ ಕೈ ಹಿಡಿದು ತೊಡಿಸುತ್ತಿದ್ದ ಆ ಬಳೆಗಾರರನ್ನು ನೆನೆದರೆ ನನಗೆ ಬೇಸರವಾಗುವುದಿಲ್ಲ. ಬಂಡೆ ಸವೆದದ್ದು ನಿಜ, ಇಲ್ಲಿಯ ಅಕ್ಷರ ಮೂರರಲ್ಲಿ ಹೆಚ್ಚು ಮಾಸಿದ್ದೂ ನಿಜ. ಆದರೆ ಅವರೂ ಜಾತ್ರೆಯಿಂದ ಜಾತ್ರೆಗೆ ಬಳೆಯ ಮಲಾರ ಹೊತ್ತು ನಡೆದ ಯಾತ್ರಿಕರೇ.

ಶಾಸನದ ಮಾತು ಇಲ್ಲಿಗೆ ಬಂದ ಬಡ ಯಾತ್ರಿಕನಿಗೇ ಹೇಳಿದಂತಿದೆ. ಈ ಫಲ ದೊಡ್ಡವರಿಗೆ ಮಾತ್ರ ದಕ್ಕುವಂಥದ್ದಲ್ಲ, ಪ್ರಯತ್ನ ಮಾಡಿದರೆ ಸಣ್ಣವನೂ ವಿಪುಲವಾದ ಸ್ವರ್ಗವನ್ನು ಪಡೆಯಬಲ್ಲ ಎಂಬುದು ಅದರ ಮುಖ್ಯ ಮಾತು. ತಂದೆ ತಾಯಿಯ ಸೇವೆ, ಪ್ರಾಣಿಗಳಲ್ಲಿ ದಯೆ, ಸತ್ಯ ನುಡಿಯುವುದು, ಇವು ಅದರ ಮುಂದಿನ ಸಾಲುಗಳು. ನಡುವೆ 256 ಎಂಬ ಒಂದು ಸಂಖ್ಯೆ ಬರುತ್ತದೆ. ಅರಸ ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕವೆಂದು ಬಹುಪಾಲು ವಿದ್ವಾಂಸರು ಅದನ್ನು ಅರ್ಥೈಸುತ್ತಾರೆ. ಕೊನೆಯಲ್ಲಿ ಬರೆದವನ ಹೆಸರು: ಚಪಡ. ಉಳಿದದ್ದೆಲ್ಲ ಬ್ರಾಹ್ಮಿ ಲಿಪಿಯಲ್ಲಿದ್ದರೆ, ಲಿಪಿಕಾರ ಎಂಬ ಪದವೊಂದನ್ನು ಮಾತ್ರ ಅವನು ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಅದು ಗಾಂಧಾರದ ಕಡೆಯ ಲಿಪಿ. ಅಷ್ಟು ದೂರದ ಲಿಪಿ ಬಲ್ಲವನೊಬ್ಬ ಮೊಳಕಾಲ್ಮೂರಿನ ಈ ಬಿಸಿಲಿನಲ್ಲಿ ಬಂಡೆಯ ಮುಂದೆ ಕೂತಿದ್ದಾಗ ಅವನಿಗೆ ನೀರು ಕೊಟ್ಟವರಾರು, ರಾತ್ರಿ ಯಾರ ಗುಡಿಸಲಿನ ಮುಂದೆ ಮಲಗಿದ ಎಂದು ನಾನು ಅಲ್ಲಿ ಹೋದಾಗಲೆಲ್ಲ ಯೋಚಿಸುತ್ತೇನೆ.

ಇಷ್ಟೆಲ್ಲ ಊರುಗಳನ್ನು ಅವ್ವ ಹೀಗೆ ನೋಡುವಂತಾದದ್ದು 2023ರ ಜೂನ್ 11ರ ನಂತರ. ಅಂದು ಶುರುವಾದ ಶಕ್ತಿ ಯೋಜನೆಯಿಂದ ರಾಜ್ಯದೊಳಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ದರವಿಲ್ಲ. ಅದಕ್ಕೆ ಮುಂಚೆ ಅವ್ವ ಯಾತ್ರೆಗೆ ಹೋಗಬೇಕೆಂದರೆ ಮೊದಲು ಅಪ್ಪನನ್ನು ಕೇಳಬೇಕಿತ್ತು, ಆಮೇಲೆ ಅಣ್ಣನನ್ನು, ಆಮೇಲೆ ನನ್ನನ್ನು. ಯಾರೂ ಬೇಡವೆನ್ನುತ್ತಿರಲಿಲ್ಲ. ಆದರೆ ಕೇಳಬೇಕಿತ್ತು. ಈಗ ಅವಳ ಆಧಾರ್ ಕಾರ್ಡು ಪ್ಲಾಸ್ಟಿಕ್ ಕವರಿನಲ್ಲಿ, ಎಲೆ ಅಡಿಕೆಯ ಸಂಚಿಯೊಳಗೆ, ಸುಣ್ಣದ ಡಬ್ಬಿಯ ಪಕ್ಕದಲ್ಲಿರುತ್ತದೆ. ಕಂಡಕ್ಟರ್ ಬಂದೊಡನೆ ಸಂಚಿಯ ದಾರ ಎಳೆದು, ಕಾರ್ಡು ತೆಗೆದು, ಸೆರಗಿನಿಂದ ಒಮ್ಮೆ ಒರೆಸಿ ತೋರಿಸುತ್ತಾಳೆ. ಯಾವ ಊರಿಗೆ ಎಂದು ಅವರು ಕೇಳಿದಾಗ ಊರಿನ ಹೆಸರನ್ನು ಅವಳೇ ಹೇಳುವ ಆ ದನಿಯನ್ನು ನಾನು ಮೊದಲು ಕೇಳಿರಲಿಲ್ಲ.

ಬಸ್ಸುಗಳಲ್ಲಿ ನೂಕುನುಗ್ಗಲು ಹೆಚ್ಚಿರುವುದು ನಿಜ. ನಮ್ಮ ಭಾಗದ ಹಳ್ಳಿಯ ದಾರಿಗಳಲ್ಲಿ ಖಾಸಗಿ ಬಸ್ಸುಗಳೇ ಹೆಚ್ಚಾಗಿರುವುದರಿಂದ ಈ ಸೌಲಭ್ಯ ಎಲ್ಲರಿಗೂ ಎಲ್ಲ ಕಡೆಗೂ ಸಿಗುವುದಿಲ್ಲ. ಕೆಂಪು ಬಸ್ಸಿಗಾಗಿ ಎರಡು ತಾಸು ಕಾದ ದಿನಗಳೂ ಇವೆ. ಒಂದು ಊರಿನಿಂದ ಇನ್ನೊಂದಕ್ಕೆ ಹೊರಡುವ ಮುನ್ನ, ವಾಪಸು ಬರುವ ಕೊನೆಯ ಸರ್ಕಾರಿ ಬಸ್ಸು ಎಷ್ಟು ಹೊತ್ತಿಗೆ ಎಂದು ನಿಲ್ದಾಣದಲ್ಲಿ ಕೇಳಿಕೊಳ್ಳಬೇಕು. ಇಷ್ಟಾದರೂ, ದೇವಸ್ಥಾನದ ಸರತಿಗಳಲ್ಲಿ ಈಗ ಕಾಣುವ ಮುದುಕಿಯರನ್ನು, ಜೊತೆಗೆ ಗಂಡಸರಿಲ್ಲದೆ ನಾಲ್ಕೈದು ಜನ ಗುಂಪಾಗಿ ಬಂದ ಕೂಲಿಯ ಹೆಣ್ಣುಮಕ್ಕಳನ್ನು ನೋಡಿದರೆ, ಈ ಒಂದು ಬದಲಾವಣೆ ಎಷ್ಟು ದೊಡ್ಡದೆಂದು ನನಗೆ ಮತ್ತೆ ಮತ್ತೆ ಅನ್ನಿಸುತ್ತದೆ.

ಮೊದಲ ಸಲ ಟಿಕೆಟ್ ಕೈಗೆ ಬಂದಾಗ ಅವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದಳು: ‘ಈ ಸೊನ್ನೆ ಟಿಕೆಟ್ನ ಯಾವ ಪುಟಕ್ಕೆ ಬರೀತೀಯ?’

ಖರ್ಚೇನೂ ಆಗಿಲ್ಲವಲ್ಲ, ಬರೆಯುವುದೇ ಬೇಡ ಎಂದೆ.

‘ಡೀಸೆಲ್ ಸುಮ್ನೆ ಬರ್ತತಾ? ಯಾರೋ ಕೊಟ್ಟಿರ್ತಾರೆ. ಎಡಕ್ಕೆ ಬರಿ.’

ಅಂದಿನಿಂದ ಎಡಕ್ಕೇ ಬರೆಯುತ್ತಿದ್ದೇನೆ.

ಎಲ್ಲ ಕಡೆಯೂ ಹೀಗೆ ಒಳ್ಳೆಯದೇ ಆಯಿತೆಂದಲ್ಲ. ದೂರದ ಒಂದು ದೊಡ್ಡ ಕ್ಷೇತ್ರದಲ್ಲಿ ನಾವು ಉಚಿತ ದರ್ಶನದ ಸರತಿಯಲ್ಲಿ ಬೆಳಗಿನ ಆರರಿಂದ ನಿಂತಿದ್ದೆವು. ಪಕ್ಕದ ಕಂಬಿಯಾಚೆ ಹಣ ಕೊಟ್ಟವರ ಸಾಲು ಬೇಗ ಬೇಗ ಸರಿಯುತ್ತಿತ್ತು. ನಮ್ಮ ಸಾಲನ್ನು ತಡೆದು ಆ ಸಾಲನ್ನು ಬಿಡುತ್ತಿದ್ದರು. ಹನ್ನೊಂದರ ಹೊತ್ತಿಗೆ ಅವ್ವನ ಕಾಲು ಬಾತು, ಅವಳು ನೆಲಕ್ಕೆ ಕುಸಿದು ಕೂತಳು. ಕಾವಲಿನವನೊಬ್ಬ ಬಂದು, ಕೂಡಬೇಡಿ, ಕೂಡುವ ಹಾಗಿದ್ದರೆ ಹೊರಗೆ ಹೋಗಿ ಎಂದ. ನಾನು ಕೂಗಾಡಿದೆ. ಅವ್ವ ನನ್ನ ಕೈ ಹಿಡಿದು ಎದ್ದು, ಗರ್ಭಗುಡಿಯ ಮುಂದೆ ಅರ್ಧ ಕ್ಷಣ ನಿಂತು, ಹೊರಗೆ ಬಂದು ನಲ್ಲಿಯ ನೀರು ಕುಡಿದಳು. ಹರಿಹರದ ಜಗಲಿ ನನಗೆ ಅಷ್ಟು ದೊಡ್ಡದಾಗಿ ಕಂಡದ್ದು ಅಂದಿನಿಂದ. ದೇವರ ಮುಂದೆ ಹಣದವರಿಗೊಂದು ಸಾಲು, ಹಣವಿಲ್ಲದವರಿಗೊಂದು ಸಾಲು ಇರುವುದನ್ನು ನಾನು ಒಪ್ಪುವುದಿಲ್ಲ. ದೇವಸ್ಥಾನ ನಡೆಸಲು ಹಣ ಬೇಕೆಂಬುದು ನನಗೆ ಗೊತ್ತು. ಹುಂಡಿ ಇದೆ, ಸೇವೆಗಳಿವೆ, ಕೊಡುವವರು ಕೊಡುತ್ತಾರೆ. ಆದರೆ ಕೊಟ್ಟವನು ಕೊಡದವನಿಗಿಂತ ಮುಂಚೆ ಒಳಗೆ ಹೋಗುವುದಾದರೆ, ಅವನು ಕೊಟ್ಟದ್ದು ದಾನವಲ್ಲ, ಬೆಲೆ. ಅಂಥ ಕಡೆ ಹೋಗಲೇಬೇಕಾದವರು ವಾರದ ನಡುವೆ, ಬಾಗಿಲು ತೆರೆಯುವ ಹೊತ್ತಿಗೆ ಹೋಗಿ. ಮಡಚುವ ಸಣ್ಣ ಸ್ಟೂಲೊಂದು ಸಂತೆಯಲ್ಲಿ ಸಿಗುತ್ತದೆ, ಹಿರಿಯರಿದ್ದರೆ ಜೊತೆಗಿರಲಿ.

ಧರ್ಮಸ್ಥಳದಲ್ಲಿ ನಮಗೆ ಬೇರೆಯೇ ಅನುಭವ. ಶಿವನ ಕ್ಷೇತ್ರ, ವೈಷ್ಣವ ಅರ್ಚಕರು, ಜೈನ ಧರ್ಮಾಧಿಕಾರಿಗಳು. ಅನ್ನಪೂರ್ಣ ಛತ್ರದ ಸಾಲಿನಲ್ಲಿ ಯಾರು ಏನೆಂದು ಕೇಳುವವರಿಲ್ಲ. ಕಡಿಮೆ ಬಾಡಿಗೆಯ ವಸತಿಗೃಹಗಳೂ ಅಲ್ಲಿವೆ. ಹೊರನಾಡಿನಲ್ಲೂ ಊಟವಿಲ್ಲದೆ ಕಳಿಸುವುದಿಲ್ಲ. ಕಾಶಿಗೆ ಹೋಗುವ ಕನ್ನಡಿಗರಿಗೆ ಜಂಗಮವಾಡಿ ಮಠವಿದೆ. ಇವನ್ನೆಲ್ಲ ಜನ ಬಲ್ಲರು, ಹೆಚ್ಚು ಹೇಳುವುದಿಲ್ಲ.

ಕೊಟ್ಟೂರಿನ ಪಾದಯಾತ್ರೆಯ ಬಗ್ಗೆ ಮಾತ್ರ ಹೇಳಬೇಕು. ಮಾಘದಲ್ಲಿ ಗುರುಬಸವೇಶ್ವರರ ತೇರಿಗೆ ದಾವಣಗೆರೆಯಿಂದ ಪ್ರತಿ ವರ್ಷ ಸಾವಿರಾರು ಜನ ನಡೆದು ಹೋಗುತ್ತಾರೆ. ಈ ದಾರಿಯಲ್ಲಿ ಜೇಬಿನಲ್ಲಿ ಒಂದು ರೂಪಾಯಿ ಇಲ್ಲದವನೂ ಹಸಿಯುವುದಿಲ್ಲ. ಹಳ್ಳಿ ಹಳ್ಳಿಯ ಮುಂದೆ ಶಾಮಿಯಾನ ಹಾಕಿ ಪಾನಕ, ಮಜ್ಜಿಗೆ, ಒಗ್ಗರಣೆ ಮಂಡಕ್ಕಿ, ಉಪ್ಪಿಟ್ಟು ಇಟ್ಟುಕೊಂಡು ಕೈಮುಗಿದು ಕರೆಯುತ್ತಾರೆ. ನಾನು ನಡೆದು ಹೋಗಿದ್ದ ವರ್ಷ ಒಂದು ಹಳ್ಳಿಯ ಹುಡುಗರು ಬಕೆಟ್ಟಿನಲ್ಲಿ ಬಿಸಿನೀರಿಗೆ ಉಪ್ಪು ಹಾಕಿ, ನಡೆದು ಬಂದವರ ಕಾಲು ಅದರಲ್ಲಿ ಇಡಿಸಿ, ಎಣ್ಣೆ ಹಚ್ಚಿ ತಿಕ್ಕುತ್ತಿದ್ದರು. ನನ್ನ ಹಿಮ್ಮಡಿ ಒಡೆದು ರಕ್ತ ಬಂದಿತ್ತು. ಇಪ್ಪತ್ತು ವರ್ಷ ದಾಟಿರದ ಹುಡುಗನೊಬ್ಬ ನನ್ನ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡಾಗ ನಾನು ಸಂಕೋಚದಿಂದ ಹಿಂದೆಗೆದೆ. ‘ಇರ್ಲಿ ಬಿಡ್ರಿ ಅಮ್ಮ, ನೀವು ನಮ್ಮ ಪಾಲಿಂದೂ ನಡೀತಿದ್ದೀರಿ’ ಎಂದ. ಅವನ ಮನೆಯಲ್ಲಿ ಬಿತ್ತಿದ ಬೆಳೆಯ ಕೆಲಸವಿದ್ದುದರಿಂದ ಆ ವರ್ಷ ಅವನಿಗೆ ಹೊರಡಲಾಗಿರಲಿಲ್ಲ. ಅವನ ಪಾಲಿನ ನಡಿಗೆಯನ್ನು ನಾನು ನಡೆಯುತ್ತಿದ್ದೆ, ನನ್ನ ಪಾಲಿನ ಸೇವೆಯನ್ನು ಅವನು ಮಾಡುತ್ತಿದ್ದ. ಪುಸ್ತಕದಲ್ಲಿ ಇದನ್ನು ಎಡಕ್ಕೆ ಬರೆಯಬೇಕೋ ಬಲಕ್ಕೆ ಬರೆಯಬೇಕೋ ತಿಳಿಯದೆ ಎರಡು ಪುಟದ ನಡುವಿನ ಹೊಲಿಗೆಯ ಮೇಲೆ ಬರೆದಿದ್ದೇನೆ.

ಕೊಟ್ಟೂರಿನ ಗುರುಬಸವೇಶ್ವರರೂ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳೂ ಈ ಭಾಗದ ಜನ ಪೂಜಿಸುವ ಐವರು ಶರಣರಲ್ಲಿ, ಅಂದರೆ ಪಂಚ ಗಣಾಧೀಶ್ವರರಲ್ಲಿ ಸೇರಿದವರು. ನಾವು ಬರಿದೆ ‘ಹಟ್ಟಿ’ ಎಂದರೆ ಅದು ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯೇ. ಬಯಲುಸೀಮೆಯ ಈ ಒಣ ನೆಲದಲ್ಲಿ ಸ್ವಾಮಿಗಳು ಜನರನ್ನು ಸೇರಿಸಿ ಕೆರೆಗಳನ್ನು ಕಟ್ಟಿಸಿದರು. ಮಣ್ಣು ಹೊತ್ತವರಿಗೆ ಅವರವರು ಹೊತ್ತಷ್ಟಕ್ಕೆ ಸರಿಯಾಗಿ ಕೂಲಿ ಸಿಗುತ್ತಿತ್ತು ಎಂಬ ಕಥೆಗಳನ್ನು ಅಲ್ಲಿ ಮಕ್ಕಳೂ ಹೇಳುತ್ತಾರೆ. ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬುದು ಅವರ ಮಾತು. ಒಳಮಠ, ಹೊರಮಠ ಎಂದು ಎರಡು ಗುಡಿ. ಫಾಲ್ಗುಣದ ದೊಡ್ಡ ತೇರಿಗೆ ಲಕ್ಷಗಟ್ಟಲೆ ಜನ ಸೇರುತ್ತಾರೆ. ತೇರು ಎಳೆಯುವ ಮುಂಚೆ ಮುಕ್ತಿ ಬಾವುಟದ ಹರಾಜು ನಡೆಯುತ್ತದೆ; ಕೂಗು ಹಲವು ಲಕ್ಷ ರೂಪಾಯಿಗೆ ಏರುತ್ತದೆ. ಅದೇ ಹೊತ್ತಿಗೆ ಹರಕೆ ಹೊತ್ತವರು ಒಣಕೊಬ್ಬರಿಯನ್ನು ತಂದು ಬೆಂಕಿಗೆ ಹಾಕುತ್ತಿರುತ್ತಾರೆ. ಕೊಬ್ಬರಿಯ ಎಣ್ಣೆ ಉರಿದು ಏಳುವ ಆ ಕಪ್ಪು ಹೊಗೆಯ ವಾಸನೆ ಸೀರೆಯಿಂದ ಎರಡು ಒಗೆತಕ್ಕೂ ಹೋಗುವುದಿಲ್ಲ. ಅಪ್ಪ ಊರಿಗೆ ಬಂದರೆಂದು ನಮಗೆ ಮೊದಲು ತಿಳಿಯುತ್ತಿದ್ದುದು ಆ ವಾಸನೆಯಿಂದ.

ಗಿರಣಿ ಮುಚ್ಚಿದ ವರ್ಷ ಅಪ್ಪ ಹಟ್ಟಿಗೆ ಹೋದದ್ದು ಪುಸ್ತಕದಲ್ಲಿದೆ. ಖರ್ಚಿನ ಪುಟದಲ್ಲಿ ಬಸ್ಸಿನ ದರವೊಂದೇ, ಅದೂ ಹೋಗುವಾಗಿನದು ಮಾತ್ರ. ಕಾಯಿಯಿಲ್ಲ, ಕೊಬ್ಬರಿಯಿಲ್ಲ, ಚಹಾ ಇಲ್ಲ. ಜಮಾ ಪುಟದಲ್ಲಿ ‘ಊಟ 5’ ಎಂದಿದೆ. ಮೂರು ದಿನ ಅಲ್ಲಿಯೇ ಇದ್ದರೆಂದು ಅರ್ಥ. ಪಕ್ಕದಲ್ಲಿ: ‘ಪಾತ್ರೆ, ಸೌದೆ, ನೀರು. ತೀರಿಲ್ಲ.’ ಕೆಲಸ ಕಳೆದುಕೊಂಡ ಮನುಷ್ಯನೊಬ್ಬ ಮೂರು ದಿನ ದುಡಿದು, ಐದು ಊಟ ಮಾಡಿ, ಆದರೂ ತೀರಿಲ್ಲವೆಂದು ಬರೆದುಕೊಂಡದ್ದನ್ನು ಓದಿದಾಗ ನನಗೆ ಅಳು ಬಂತು. ಅವ್ವನಿಗೆ ಓದಿ ಹೇಳಿದೆ. ಆ ವರ್ಷ ಅವರು ವಾಪಸು ಹೇಗೆ ಬಂದರು ಎಂದು ಕೇಳಿದೆ. ‘ಚಳ್ಳಕೆರೆ ತಂಕ ನಡೆದು, ಅಲ್ಲಿಂದ ಎಣ್ಣೆ ಲಾರೀಲಿ ಬಂದರು’ ಎಂದಳು. ಆ ಲಾರಿಯ ಸಾಲು ಪುಸ್ತಕದಲ್ಲಿಲ್ಲ. ಮರೆತರೋ, ಬರೆಯಲು ಮನಸ್ಸಾಗಲಿಲ್ಲವೋ.

ಕಳೆದ ಜಾತ್ರೆಗೆ ಅವ್ವನೂ ನಾನೂ ಹೋಗಿದ್ದೆವು. ಚಳ್ಳಕೆರೆಯಲ್ಲಿ ಬಸ್ಸು ಬದಲಿಸಿ ಹಟ್ಟಿಯಲ್ಲಿ ಇಳಿದಾಗ ಬೆಳಗಿನ ಒಂಬತ್ತು. ಯಾವುದೋ ಹಳ್ಳಿಯ ಭಕ್ತರು ಹಾಕಿದ್ದ ದಾಸೋಹದ ಚಪ್ಪರದಲ್ಲಿ ಪಾಯಸ, ಅನ್ನ ಸಾರು ಉಂಡೆವು. ಉಂಡ ಎಲೆ ಎತ್ತಿದ ಮೇಲೆ ಅವ್ವ ಹೊರಗೆ ಬರಲಿಲ್ಲ. ಚಪ್ಪರದ ಹಿಂದೆ, ಒಲೆಗಳ ಆಚೆ, ಹೆಂಗಸರು ಮೊರಗಳನ್ನು ಮುಂದಿಟ್ಟುಕೊಂಡು ಬೆಳ್ಳುಳ್ಳಿ ಸುಲಿಯುತ್ತಿದ್ದ ಕಡೆ ಹೋಗಿ, ‘ಒಂಚೂರು ಸರೀರಿ’ ಎಂದು ಅವರ ನಡುವೆ ಕೂತುಬಿಟ್ಟಳು. ಅವರು ಬೇಡವೆಂದರು, ವಯಸ್ಸಾದವರು, ದೇವರ ಹತ್ತಿರ ಹೋಗಿ ಎಂದರು. ಅವ್ವ ಆಗಲೇ ಒಂದು ಗಡ್ಡೆಯನ್ನು ಅಂಗೈಯಲ್ಲಿಟ್ಟು ಹಿಸುಕಿ ಎಸಳು ಬಿಡಿಸಿದ್ದಳು. ಅವಳ ಉಗುರು ಹಳೆಯದು, ದಪ್ಪ. ಎಸಳಿನ ತುದಿಗೆ ಒತ್ತಿದರೆ ಸಿಪ್ಪೆ ತಾನಾಗಿ ಕಳಚುತ್ತದೆ. ಗಾಳಿಗೆ ಸಿಪ್ಪೆ ಹಾರಿ ಅವಳ ಬಿಳಿ ಕೂದಲಿಗೆ ಸಿಕ್ಕಿಕೊಂಡಿತು. ಮಧ್ಯಾಹ್ನ ತೇರು ಎಳೆಯುವ ಕೂಗು ಕೇಳಿದಾಗ ಉಳಿದವರೆಲ್ಲ ಎದ್ದು ಓಡಿದರು. ಅವ್ವ ಕೂತಲ್ಲಿಂದಲೇ ತೇರಿನ ದಿಕ್ಕಿಗೆ ಕೈಮುಗಿದು, ಮತ್ತೆ ಮೊರಕ್ಕೆ ಕೈ ಹಾಕದೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಮುಂದುವರಿಸಿದಳು.

ವಾಪಸಿನ ಬಸ್ಸಿನಲ್ಲಿ ನನ್ನ ಪಕ್ಕ ಕೂತ ಅವ್ವನ ಕೈಯಿಂದ ಬೆಳ್ಳುಳ್ಳಿಯ ವಾಸನೆ, ಇಬ್ಬರ ಸೀರೆಯಿಂದಲೂ ಕೊಬ್ಬರಿ ಹೊಗೆಯ ವಾಸನೆ. ನಾನು ಪುಸ್ತಕ ತೆಗೆದೆ. ಸೊನ್ನೆ ಟಿಕೆಟು ಎರಡು, ಊಟ ಎರಡು ಎಂದು ಎಡಕ್ಕೆ ಬರೆದೆ. ಅದರ ಪಕ್ಕದಲ್ಲಿ ಬೆಳ್ಳುಳ್ಳಿ ಎಷ್ಟೆಂದು ಬರೆಯಲಿ ಎಂದು ಕೇಳಿದೆ.

‘ಎರಡು ಮೊರ’ ಎಂದಳು. ಸ್ವಲ್ಪ ಹೊತ್ತು ಬಿಟ್ಟು, ‘ಅಪ್ಪನ ಐದು ಊಟದ ಪುಟ ಐತಲ್ಲ, ಒಂದು ಮೊರ ಅಲ್ಲಿಗೆ ಬರಿ’ ಎಂದಳು.